ರಕ್ತ ಗಟ್ಟಿಯಾಗಿದೆಯೇ? ರಿಪೋರ್ಟ್‌ನಲ್ಲಿ ನೋಡಿಕೊಳ್ಳುವುದು ಹೀಗೆ

ಹಿಮೋಗ್ಲೋಬಿನ್ 18 ಬಂದರೆ ‘ರಕ್ತ ಚೆನ್ನಾಗಿದೆ’ ಎಂದು ಹಿಗ್ಗುವವರೇ ಹೆಚ್ಚು. ರಕ್ತಹೀನತೆಯ ಬಗ್ಗೆ ಕೇಳಿ ಕೇಳಿ ಬೆಳೆದ ನಮಗೆ, ಹಿಮೋಗ್ಲೋಬಿನ್ ಹೆಚ್ಚಾದರೂ ತೊಂದರೆ ಎಂಬುದು ಹೊಳೆಯುವುದೇ ಇಲ್ಲ. ಕೆಂಪು ಕಣಗಳು ಮಿತಿಮೀರಿದರೆ ರಕ್ತದ ಸ್ನಿಗ್ಧತೆ, ಅಂದರೆ ಮಂದತನ, ಏರುತ್ತದೆ, ಹರಿವು ನಿಧಾನವಾಗುತ್ತದೆ, ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಇದರ ಸುಳಿವು ನಿಮ್ಮ ಮನೆಯ ಕಪಾಟಿನಲ್ಲಿರುವ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ರಿಪೋರ್ಟ್‌ನಲ್ಲೇ ಸಿಗಬಹುದು.

ಮೊದಲು ಪಿಸಿವಿ ಸಾಲು ಹುಡುಕಿ

ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿದ್ದರೂ ಗಂಡಸರಿಗೆ ಸುಮಾರು ಶೇ 40ರಿಂದ 49, ಹೆಂಗಸರಿಗೆ 36ರಿಂದ 46 ಸಾಮಾನ್ಯ. ಆ ಸಾಲು ಕಾಣದಿದ್ದರೆ ಹಿಮೋಗ್ಲೋಬಿನ್ ಅನ್ನು ಮೂರರಿಂದ ಗುಣಿಸಿ, ಅಂದಾಜು ಸಿಗುತ್ತದೆ. ಗಂಡಸರಲ್ಲಿ 49, ಹೆಂಗಸರಲ್ಲಿ 48 ದಾಟಿದ್ದರೆ ವೈದ್ಯರಿಗೆ ತೋರಿಸಿ.

ಈ ಸಂಖ್ಯೆಗೆ ಇಷ್ಟು ಬೆಲೆ ಏಕೆ? ಆರೋಗ್ಯವಂತರ ರಕ್ತವೇ ನೀರಿಗಿಂತ ಮೂರು–ನಾಲ್ಕು ಪಟ್ಟು ಮಂದ. ಕೊಳವೆಯಲ್ಲಿ ದ್ರವ ಹರಿಯುವ ಲೆಕ್ಕವನ್ನು ಫ್ರೆಂಚ್ ವೈದ್ಯ ಪ್ವಾಸೆಯ್ 1840ರ ದಶಕದಲ್ಲೇ ಕೊಟ್ಟಿದ್ದಾರೆ. ಒತ್ತಡ ಅಷ್ಟೇ ಇದ್ದು ಸ್ನಿಗ್ಧತೆ ಇಮ್ಮಡಿಯಾದರೆ ಹರಿವು ಅರ್ಧಕ್ಕಿಳಿಯುತ್ತದೆ. ನಾಳದ ತ್ರಿಜ್ಯ ಬರೀ ಶೇ 10ರಷ್ಟು ಕಿರಿದಾದರೂ ಹರಿವಿನ ಮೂರನೇ ಒಂದು ಪಾಲು ಹೋಗುತ್ತದೆ. ಕೊಬ್ಬು ಕಟ್ಟಿದ ನಾಳದಲ್ಲಿ ಮಂದ ರಕ್ತವೂ ಸೇರಿಕೊಂಡರೆ ಪೆಟ್ಟು ಎರಡು ಕಡೆಯಿಂದ.

ರಕ್ತ ವೇಗವಾಗಿ ಹರಿಯುವಾಗ ತೆಳುವಾಗುತ್ತದೆ, ನಿಧಾನವಾದಾಗ ಮಂದವಾಗುತ್ತದೆ. ಹರಿವು ಕುಂದಿದ ಕಡೆ ಫೈಬ್ರಿನೋಜನ್ ಎಂಬ ಪ್ರೋಟೀನ್‌ನಿಂದಾಗಿ ಕೆಂಪು ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಗಂಟೆಗಟ್ಟಲೆ ಕೂತವರ ಕಾಲಿನ ರಕ್ತನಾಳಗಳಲ್ಲಿ ಹರಿವು ಹೀಗೇ ಕುಂದುತ್ತದೆ. ಕೂತು ಮಾಡುವ ಕೆಲಸವಿದ್ದರೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ.

ಹೆಚ್ಚಿದ್ದರೆ ಇನ್ನೊಮ್ಮೆ ಪರೀಕ್ಷಿಸಿ

ಗಾಬರಿ ಬೇಡ. ವಾಂತಿ, ಭೇದಿ, ಜ್ವರ, ಕಲಬುರಗಿ–ರಾಯಚೂರಿನಂಥ ಕಡೆಯ ಏಪ್ರಿಲ್ ಬಿಸಿಲು — ಮೈಯ ನೀರು ಆರಿದರೆ ಕಣಗಳು ಹೆಚ್ಚದೆಯೇ ಪಿಸಿವಿ ಏರುತ್ತದೆ. ಒಂದೆರಡು ದಿನ ನೀರು, ಮಜ್ಜಿಗೆ, ಗಂಜಿ ಚೆನ್ನಾಗಿ ಕುಡಿದು ಮತ್ತೆ ಪರೀಕ್ಷೆಗೆ ರಕ್ತ ಕೊಡಿ. ಹೃದಯ ವೈಫಲ್ಯ ಅಥವಾ ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಕಾರಣ ಹುಡುಕಲು ವೈದ್ಯರಿಗೆ ನೆರವಾಗಿ

ಬೀಡಿ, ಸಿಗರೇಟ್ ಸೇದುತ್ತಿದ್ದರೆ ಮುಚ್ಚಿಡಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಸಿಯುವುದರಿಂದ ದೇಹ ಇನ್ನಷ್ಟು ಕೆಂಪು ಕಣ ತಯಾರಿಸುತ್ತದೆ. ಫೈಬ್ರಿನೋಜನ್ ಕೂಡ ಹೆಚ್ಚುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದು, ಹಳೆಯ ಶ್ವಾಸಕೋಶದ ಕಾಯಿಲೆ, ಜಿಮ್‌ನಲ್ಲಿ ಯಾರೋ ಕೊಟ್ಟ ಟೆಸ್ಟೊಸ್ಟೆರಾನ್ ಇಂಜೆಕ್ಷನ್, ಎಲ್ಲವನ್ನೂ ಹೇಳಿ. ಡಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಗಳಿಂದಲೂ ಪಿಸಿವಿ ತುಸು ಏರುತ್ತದೆ. ಹಾಗೆಂದು ನೀವಾಗಿಯೇ ಅದನ್ನು ನಿಲ್ಲಿಸಬೇಡಿ, ಹೃದಯಕ್ಕೆ ಅದರಿಂದ ಉಪಕಾರವಿದೆ.

ಬಿಸಿನೀರು ಸ್ನಾನ ಮಾಡಿದ ಮೇಲೆ ಮೈಯೆಲ್ಲ ತುರಿಕೆ, ಮುಖ ಕೆಂಪೇರುವುದು, ಅಂಗೈ ಅಂಗಾಲು ಉರಿ, ತಲೆನೋವು ಇದ್ದರೆ ವೈದ್ಯರು ಜಾಕ್–2 ಎಂಬ ಜೀನ್ ಪರೀಕ್ಷೆ ಬರೆಯಬಹುದು. ಕೆಂಪು ಕಣಗಳು ಮಿತಿಮೀರಿ ಹುಟ್ಟುವ, ಪಾಲಿಸೈಥೀಮಿಯಾ ವೆರಾ ಎಂಬ ಮೂಳೆ ಮಜ್ಜೆಯ ಕಾಯಿಲೆ ಇದೆಯೇ ಎಂದು ನೋಡಲು. ಇರುವವರಿಗೆ ಆಗಾಗ ರಕ್ತ ತೆಗೆದು ಪಿಸಿವಿಯನ್ನು 45ರ ಕೆಳಗೆ ಇರಿಸುತ್ತಾರೆ. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ–ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಳು ಸುಮಾರು ನಾಲ್ಕು ಪಟ್ಟು ಹೆಚ್ಚು ಕಂಡವು.

ಪಿಸಿವಿ ಸರಿಯಿದ್ದೂ ರಕ್ತ ಮಂದವಾಗುವುದುಂಟು. ಮೈಲೋಮಾದಂಥ (ಮೂಳೆ ಮಜ್ಜೆಯ ಒಂದು ಕ್ಯಾನ್ಸರ್) ಕಾಯಿಲೆಗಳಲ್ಲಿ ರಕ್ತದ ಪ್ರೋಟೀನ್ ವಿಪರೀತವಾಗಿ ಹೀಗಾಗುತ್ತದೆ. ಕಣ್ಣು ಮಂಜು, ಮೂಗು–ಒಸಡಿನಲ್ಲಿ ರಕ್ತ ಕಂಡರೆ ತಡ ಮಾಡಬೇಡಿ.

ಇವನ್ನು ಮಾಡಬೇಡಿ

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ರಕ್ತವನ್ನು ತೆಳುವಾಗಿಸುತ್ತವೆ ಎಂದೇ ಎಲ್ಲರೂ ನಂಬಿದ್ದಾರೆ. ಅವು ತಡೆಯುವುದು ಹೆಪ್ಪುಗಟ್ಟುವುದನ್ನು. ಪಿಸಿವಿ ಅವುಗಳಿಂದ ಇಳಿಯುವುದಿಲ್ಲ. ಪಕ್ಕದ ಮನೆಯವರು ನುಂಗುತ್ತಾರೆಂದು ನೀವೂ ದಿನಾ ಆಸ್ಪಿರಿನ್ ನುಂಗಿದರೆ ಹೊಟ್ಟೆಯಲ್ಲಿ, ಕೆಲವೊಮ್ಮೆ ಮಿದುಳಿನಲ್ಲೂ ರಕ್ತಸ್ರಾವವಾದೀತು. ಹಾಗೆಯೇ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟು ಬೆಳ್ಳುಳ್ಳಿ ತಿನ್ನುತ್ತೇನೆ ಎನ್ನಬೇಡಿ. ಹಿಮೋಗ್ಲೋಬಿನ್ ಮೇಲಿದ್ದಾಗ ‘ಶಕ್ತಿಗೆ’ ಎಂದು ಕಬ್ಬಿಣದ ಟಾನಿಕ್ ಕುಡಿಯುವುದೂ ಬೇಡ.

ಬಾಯಿ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು, ಎದೆ ಹಿಂಡುವ ನೋವು ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ ರಿಪೋರ್ಟ್ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.