ಮೀನಿನ ಟ್ಯಾಂಕಿನೊಳಗೆ ಕಂಬಳಿಹುಳ! ಕೈ ಹಾಕುವ ಮೊದಲು ಇಷ್ಟು ನೋಡಿ

ರಾತ್ರಿ ಹನ್ನೊಂದೂವರೆಗೆ ಮುಂಬಯಿಯ ಮುಲುಂಡಿನಿಂದ ಶೆಟ್ರ ಫೋನು. "ಎಂತ ಮಾರಾಯ್ರೇ, ಟ್ಯಾಂಕಿನಲ್ಲಿ ಜರಿ ಉಂಟು! ಮೀನನ್ನು ಕೊಂದು ತಿಂತಾ ಉಂಟು!"

ಹೋಟೆಲ್ ಬಾಗಿಲು ಹಾಕಿ ಮನೆಗೆ ಬಂದವರು ಮಲಗುವ ಮುಂಚೆ ಸುಮ್ನೆ ಟಾರ್ಚ್ ಬಿಟ್ಟು ನೋಡಿದ್ದಾರೆ. ಕಲ್ಲಿನ ಸಂದಿಯಿಂದ ಬೆರಳುದ್ದದ ಹುಳು ಹೊರಗೆ ಚಾಚಿಕೊಂಡು, ತಳದಲ್ಲಿ ಬಿದ್ದಿದ್ದ ಕ್ಲೌನ್ ಫಿಶ್‌ಗೆ ಬಾಯಿ ಹಾಕಿತ್ತಂತೆ. ಅಡಿಗೆಮನೆಯ ಇಕ್ಕಳ ಹಿಡಿದುಕೊಂಡೇ ಫೋನ್ ಮಾಡಿದ್ದರು.

"ಇಕ್ಕಳ ಒಳಗಿಡಿ ಶೆಟ್ರೇ. ಕೈಯಂತೂ ಹಾಕಲೇಬೇಡಿ. ನಾಳೆ ಬರ್ತೇನೆ" ಅಂದೆ.

ಉಪ್ಪುನೀರಿನ ಟ್ಯಾಂಕ್ ಇಟ್ಟವರ ಮನೆಗೆ ಈ ಅತಿಥಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಹೆಸರು ಬ್ರಿಸಲ್ ವರ್ಮ್. ಮೈಯ ಒಂದೊಂದು ಗೆಣ್ಣಿಗೂ ಎರಡೂ ಬದಿ ಬಿಳಿ ರೋಮದ ಗೊಂಚಲು. ನುಗ್ಗೆ ಮರದ ಕಂಬಳಿಹುಳ ನೋಡಿದವರಿಗೆ ಬೇರೆ ಪರಿಚಯ ಬೇಡ. ಇದು ಸಮುದ್ರದ ಕಂಬಳಿಹುಳ ಅಂದುಕೊಳ್ಳಿ. ತುರಿಕೆಯ ವಿಷಯದಲ್ಲೂ ಅದೇ ವಂಶ!

ಮೊದಲು ಗುರುತು ಹಿಡಿಯಿರಿ

ಹಗಲು ಹುಡುಕಿದರೆ ಸಿಗುವುದಿಲ್ಲ. ಟ್ಯಾಂಕಿನ ಲೈಟ್ ಆರಿಸಿ ಒಂದು ಗಂಟೆ ಬಿಡಿ. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಬಿಳಿ ಬೆಳಕು ಬಿದ್ದ ಕೂಡಲೇ ಇವು ಸರಕ್ಕನೆ ಒಳಗೆ ಹೋಗುತ್ತವೆ, ಕೆಂಪು ಬೆಳಕಿಗೆ ಅಷ್ಟಾಗಿ ಹೆದರುವುದಿಲ್ಲ. ಕಲ್ಲಿನ ಬುಡಕ್ಕೆ ಮೀನಿನ ಆಹಾರದ ಒಂದು ಕಾಳು ಹಾಕಿ ಕಾಯಿರಿ. ಹತ್ತು ನಿಮಿಷದಲ್ಲಿ ತಲೆ ಹೊರಗೆ ಬರುತ್ತದೆ.

ಕಂಡದ್ದು ತಿಳಿ ಗುಲಾಬಿ, ಬೂದು ಅಥವಾ ಕಿತ್ತಳೆ ಬಣ್ಣದ್ದಾ? ದಾರದಷ್ಟರಿಂದ ಪೆನ್ಸಿಲ್‌ನಷ್ಟು ದಪ್ಪ, ಮೂರರಿಂದ ಹದಿನೈದು ಸೆಂಟಿಮೀಟರ್ ಉದ್ದ, ಬದಿಯಲ್ಲಿ ಬಿಳಿ ರೋಮ? ಹಾಗಿದ್ದರೆ ನಿಶ್ಚಿಂತೆಯಿಂದ ಮಲಗಿ. ಮನೆಯ ಟ್ಯಾಂಕುಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ ಜಾತಿ. ಮೀನು ಬಿಟ್ಟ ಊಟ, ಹಿಕ್ಕೆ, ಸತ್ತ ಬಸವನಹುಳು ತಿಂದುಕೊಂಡು ಮರಳು ಕೆದಕಿಕೊಂಡಿರುತ್ತದೆ. ಸಂಬಳ ಕೇಳದ ಜಾಡಮಾಲಿ.

ಎರಡನೆಯದು ಫೈರ್ ವರ್ಮ್. ಮೈ ದಪ್ಪ, ಬಿಳಿ ರೋಮ ಒತ್ತಾಗಿ, ಬುಡದಲ್ಲಿ ಕೆಂಪು ಕಿವಿರಿನ ಕುಚ್ಚು. ಇವುಗಳಲ್ಲಿ ಗಡ್ಡದ ಫೈರ್ ವರ್ಮ್ ಅನ್ನುವುದು ಹವಳ ತಿನ್ನುತ್ತದೆ. ಕೊಂಬೆಯ ತುದಿಯನ್ನು ಬಾಯೊಳಗೆ ಎಳೆದುಕೊಂಡು ಚೀಪಿ ಹೋಗುತ್ತದೆ, ಬೆಳಗ್ಗೆ ನೋಡಿದರೆ ತುದಿಯಷ್ಟೇ ಬೆಳ್ಳಗಾಗಿರುತ್ತದೆ. ಅದರ ಮನೆ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರ. ನಮ್ಮ ಟ್ಯಾಂಕಿಗೆ ಬರುವುದು ಅಪರೂಪ.

ಮೂರನೆಯದು ಯೂನಿಸಿಡ್. ರೋಮ ಕಣ್ಣಿಗೆ ಹೊಡೆಯುವುದಿಲ್ಲ. ಮೈ ರೇಷ್ಮೆಯ ಹಾಗೆ ನೀಲಿ-ನೇರಳೆ ಮಿಂಚುತ್ತದೆ, ತಲೆಯ ಮೇಲೆ ಐದು ಮೀಸೆ, ಒಳಗೆ ಕಪ್ಪು ದವಡೆ. ಬಾಬಿಟ್ ವರ್ಮ್ ಈ ಕುಟುಂಬದ್ದೇ, ಮೂರು ಮೀಟರ್‌ವರೆಗೂ ಬೆಳೆಯಬಲ್ಲದು. ಇಂಗ್ಲೆಂಡಿನ ನ್ಯೂಕ್ವೇ ಊರಿನ ಅಕ್ವೇರಿಯಂನಲ್ಲಿ ಹವಳ ಹಾಳಾಗುತ್ತಿದೆ ಅಂತ 2009ರಲ್ಲಿ ಕಲ್ಲುಗಳನ್ನು ಒಂದೊಂದಾಗಿ ತೆಗೆದರು. ಸಿಕ್ಕಿದ್ದು ಸುಮಾರು ನಾಲ್ಕು ಅಡಿಯ ಹುಳು. ಅದಕ್ಕೆ ಬ್ಯಾರಿ ಅಂತ ಹೆಸರೂ ಇಟ್ಟರು.

ಮರಳಿನ ಮೇಲೆ ಶ್ಯಾವಿಗೆ ಎಳೆಯಂಥ ಬಿಳಿ ದಾರಗಳು ಮಾತ್ರ ಹರಿದಾಡುತ್ತಿದ್ದರೆ ಅದು ಸ್ಪಗೆಟಿ ವರ್ಮ್. ಪಾಪದ್ದು, ಬಿಟ್ಟುಬಿಡಿ.

ಕೊಂದದ್ದು ಯಾರು?

ಮರುದಿನ ಶೆಟ್ರ ಮನೆಗೆ ಹೋದೆ. ಅಮೋನಿಯಾ (ಎಂಜಲು, ಹಿಕ್ಕೆ ಕೊಳೆತಾಗ ನೀರಿಗೆ ಸೇರುವ ವಿಷ) ಟೆಸ್ಟ್ ಮಾಡಿದರೆ ಟ್ಯೂಬಿನ ನೀರು ಹಸಿರು. ಅದು ಹಳದಿಯಾಗಿಯೇ ಇರಬೇಕಿತ್ತು. ವಿಷಯ ಏನೆಂದರೆ, ಅವರು ಮೂರು ದಿನ ಊರಿಗೆ ಹೋಗಿದ್ದರು. ಮೀನಿಗೆ ಊಟ ಹಾಕುವ ಕೆಲಸ ಹೋಟೆಲಿನ ಹುಡುಗನದ್ದು. ಅವನು ಗಿರಾಕಿಗೆ ಬಡಿಸಿದ ಹಾಗೆ ಬಡಿಸಿದ್ದಾನೆ, ಕೈತುಂಬ. ನೀರು ಕೆಟ್ಟು ಮೀನು ಸತ್ತಿದೆ, ಸತ್ತ ಮೇಲೆ ಹುಳು ಬಂದಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೇ. ಗಟ್ಟಿಮುಟ್ಟಾಗಿ ಈಜುವ ಮೀನನ್ನು ಮಾಮೂಲಿ ಬ್ರಿಸಲ್ ವರ್ಮ್ ಅಟ್ಟಿಸಿಕೊಂಡು ಹೋಗಿ ಹಿಡಿಯುವುದಿಲ್ಲ.

ಹಾಗಾಗಿ ಸತ್ತ ಮೀನಿನ ಮೇಲೆ ಹುಳು ಕಂಡರೆ ಇಕ್ಕಳ ಹುಡುಕಬೇಡಿ, ಟೆಸ್ಟ್ ಕಿಟ್ ಹುಡುಕಿ. ಅಮೋನಿಯಾ ಇದ್ದರೆ ಸತ್ತದ್ದನ್ನು ತೆಗೆದು ಅವತ್ತೇ ಕಾಲು ಭಾಗ ನೀರು ಬದಲಿಸಿ. ಆರ್‌ಒ ನೀರಿಗೇ ಸಮುದ್ರದ ಟ್ಯಾಂಕಿಗೆಂದೇ ಸಿಗುವ ಉಪ್ಪು ಬೆರೆಸಿ. ಮುಂಬಯಿಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಆಗುವುದಿಲ್ಲ. ಸಮುದ್ರ ಹತ್ತಿರ ಇದೆ ಅಂತ ಜುಹೂವಿನಿಂದ ಕ್ಯಾನ್ ತುಂಬಿಸಿಕೊಂಡು ಬರುವವರನ್ನೂ ನೋಡಿದ್ದೇನೆ. ಕೊಳಚೆ ಸೇರುವ ನೀರು ಅದು, ದಯವಿಟ್ಟು ಬೇಡ.

ಊಟ ಕಡಿಮೆ ಮಾಡಿ

ನನ್ನ ಕೇಳಿದರೆ ಮುಕ್ಕಾಲು ಪಾಲು ಕೆಲಸ ಇದೇ. ಟ್ಯಾಂಕಿನಲ್ಲಿ ಎಷ್ಟು ಎಂಜಲು ಬೀಳುತ್ತದೋ ಅಷ್ಟು ಹುಳು ಇರುತ್ತವೆ. ಹತ್ತು ಹುಳು ಕಂಡರೆ ಖುಷಿಪಡಿ. ಲೈಟ್ ಆರಿಸಿದ ಕೂಡಲೇ ಪ್ರತಿ ಸಂದಿಯಿಂದ ಎರಡು ಮೂರು ಇಣುಕಿದರೆ ನೀವು ಜಾಸ್ತಿ ಹಾಕುತ್ತಿದ್ದೀರಿ ಅಂತ ಲೆಕ್ಕ.

ದಿನಕ್ಕೆ ಎರಡು ಸಲ ಹಾಕುತ್ತಿದ್ದರೆ ಒಂದು ಸಲಕ್ಕೆ ಇಳಿಸಿ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ. ಫ್ರೋಜನ್ ಆಹಾರವನ್ನು ಹಾಗೇ ಹಾಕಬೇಡಿ, ಚಹಾ ಸೋಸುವ ಜಾಲರಿಯಲ್ಲಿಟ್ಟು ಆರ್‌ಒ ನೀರಿನಲ್ಲಿ ತೊಳೆಯಿರಿ. (ಜಾಲರಿ ಬೇರೆಯದೇ ಇರಲಿ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಜಗಳವೇ ಆಗಿದೆ.) ವಾರಕ್ಕೊಮ್ಮೆ ಪೈಪ್ ಇಟ್ಟು ಮರಳಿನ ಕೊಳೆ ಎಳೆಯಿರಿ. ಕಲ್ಲಿನ ಹಿಂದೆ ನೀರು ಓಡಾಡದ ಮೂಲೆ ಇದ್ದರೆ ಪವರ್‌ಹೆಡ್ಡನ್ನು (ಟ್ಯಾಂಕಿನೊಳಗೆ ನೀರು ತಳ್ಳುವ ಪುಟ್ಟ ಪಂಪು) ಆ ಕಡೆ ತಿರುಗಿಸಿ. ವಾರಗಳು ಕಳೆದಂತೆ ಹುಳುವಿನ ಸಂಖ್ಯೆ ತಾನಾಗಿ ಇಳಿಯುತ್ತದೆ.

ಹಿಡಿಯಲೇಬೇಕಾ? ಬಲೆ ಹೀಗೆ

ಅಷ್ಟು ತಾಳ್ಮೆ ಇಲ್ಲದವರಿಗೆ ಬಾಟಲಿ ಬಲೆ. ಅಂಗೈಯಷ್ಟು ಪುಟ್ಟ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮುಚ್ಚಳಕ್ಕೆ ತೂತು ಕೊರೆದು ದಪ್ಪ ಸ್ಟ್ರಾ ತುಂಡೊಂದನ್ನು ಬಿಗಿಯಾಗಿ ತೂರಿಸಿ. ಅರ್ಧ ಒಳಗೆ, ಅರ್ಧ ಹೊರಗೆ ಇರಲಿ. ಬಾಟಲಿಗೆ ಒಂದು ಚೂರು ಹಸಿ ಸಿಗಡಿ ಹಾಕಿ. ಉಪ್ಪು-ಮಸಾಲೆ ಹಚ್ಚಿದ್ದಲ್ಲ! ಟ್ಯಾಂಕಿನ ನೀರನ್ನೇ ತುಂಬಿಸಿ, ಲೈಟ್ ಆರಿದ ಮೇಲೆ ಸ್ಟ್ರಾದ ಬಾಯಿ ಮರಳಿಗೆ ತಾಗುವ ಹಾಗೆ ಕಲ್ಲಿನ ಬುಡದಲ್ಲಿ ಮಲಗಿಸಿ. ವಾಸನೆ ಹಿಡಿದು ಒಳಗೆ ಹೋದವು ಹೊರಗೆ ಬರುವ ದಾರಿ ಹುಡುಕಲಾರವು. ಬೆಳಗ್ಗೆ ಲೈಟ್ ಹತ್ತುವ ಮುಂಚೆ ತೆಗೆಯಿರಿ. ಮರೆತರೆ ಸಿಗಡಿ ಕೊಳೆತು ಮತ್ತೆ ಅಮೋನಿಯಾ.

ಹಳೇ ನೈಲಾನ್ ಸ್ಟಾಕಿಂಗಿನಲ್ಲಿ ಸಿಗಡಿ ಗಂಟು ಕಟ್ಟಿಯೂ ಇಡಬಹುದು. ರೋಮ ನೈಲಾನಿಗೆ ಸಿಕ್ಕಿಕೊಂಡು ಹುಳು ಅಲ್ಲೇ ಉಳಿಯುತ್ತದೆ.

ಇಕ್ಕಳದಲ್ಲಿ ಎಳೆದು ತುಂಡು ಮಾಡುವುದು ಬೇಡ. ಇವುಗಳಲ್ಲಿ ಕೆಲವು ಜಾತಿಗಳು ತುಂಡಾಗಿಯೇ ಸಂತಾನ ಬೆಳೆಸುತ್ತವೆ, ಒಂದೊಂದು ತುಂಡಿಗೂ ತಲೆ-ಬಾಲ ಬರುತ್ತದೆ. ಯಕ್ಷಗಾನದ ರಕ್ತಬೀಜಾಸುರನ ಕಥೆ ಶೆಟ್ರಿಗೆ ನಾನು ಹೇಳಬೇಕಾಗಿರಲಿಲ್ಲ. ಇಕ್ಕಳ ತಾವೇ ಒಳಗಿಟ್ಟರು.

ಯೂನಿಸಿಡ್‌ಗೆ ಮಾತ್ರ ಬಾಟಲಿ ಸಾಲದು. ಅದು ಇರುವ ಕಲ್ಲನ್ನೇ ಎತ್ತಿ ಉಪ್ಪುನೀರಿನ ಬಕೆಟ್ಟಿನ ಮೇಲೆ ಹಿಡಿದು, ತೂತಿನೊಳಗೆ ಸಿರಿಂಜಿನಿಂದ ಬರೀ ಸೋಡಾ ಬಿಡಿ. ಸಕ್ಕರೆ, ನಿಂಬೆ ಇರಬಾರದು. ಉಸಿರುಗಟ್ಟಿ ಹೊರಗೆ ಬರುತ್ತದೆ. ಆಮೇಲೆ ಕಲ್ಲನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ಜಾಲಾಡಿ ವಾಪಸ್ ಇಡಿ.

ಹುಳು ತಿನ್ನುವ ಜೀವಿಗಳೂ ಇವೆ: ಆರೋ ಏಡಿ, ಸಿಕ್ಸ್‌ಲೈನ್ ರಾಸ್ ಮೀನು, ಕೋರಲ್ ಬ್ಯಾಂಡೆಡ್ ಸಿಗಡಿ. ಅಂಗಡಿಯವರು ಮೊದಲು ಇದನ್ನೇ ಹೇಳುತ್ತಾರೆ. ಆದರೆ ಆರೋ ಏಡಿ ಚಿಕ್ಕ ಮೀನಿಗೂ ಕೈ ಹಾಕುತ್ತದೆ, ಸಿಕ್ಸ್‌ಲೈನ್ ಹಳೆಯದಾದಂತೆ ಮನೆಗೆಲ್ಲ ತಾನೇ ಯಜಮಾನ. ಹುಳುವಿಗೋಸ್ಕರ ಅಂತಲೇ ತರಬೇಡಿ.

ಔಷಧಿಯಂತೂ ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದ ಹಾಗೆ. ತಾಮ್ರದ ಔಷಧಿ ಹಾಕಿದರೆ ಸಿಗಡಿ, ಬಸವನಹುಳು, ಹವಳ ಎಲ್ಲವೂ ಹೋಗುತ್ತವೆ. ಜಂತುಹುಳುವಿನ ಔಷಧಿ ಹಾಕಿದರೆ ಕಲ್ಲಿನೊಳಗೆ ನೂರಾರು ಹುಳು ಒಟ್ಟಿಗೆ ಸತ್ತು ಕೊಳೆಯುತ್ತವೆ.

ಚುಚ್ಚಿದರೆ

ನಾಲ್ಕು ವರ್ಷದ ಹಿಂದೆ ಗ್ಲೌಸ್ ಇಲ್ಲದೆ ಕಲ್ಲು ಎತ್ತಿದ್ದೆ. ಪಾಪಾಸುಕಳ್ಳಿ ಹಣ್ಣು ಮುಟ್ಟಿದಂತಾಯಿತು. ಬೆಳಕಿಗೆ ಹಿಡಿದರೆ ಹೆಬ್ಬೆರಳಿನಲ್ಲಿ ಗಾಜಿನ ನೂಲಿನಂಥ ಬಿಳಿ ಎಳೆಗಳು ಸಾಲಾಗಿ ನಿಂತಿದ್ದವು. ಗಾಬರಿಯಲ್ಲಿ ಪ್ಯಾಂಟಿಗೆ ಉಜ್ಜಿಕೊಂಡೆ. ಅದೇ ತಪ್ಪು. ನಿಂತಿದ್ದವೆಲ್ಲ ಮುರಿದು ಒಳಗೆ ಕೂತವು, ಎರಡು ದಿನ ಅಂಗಿಯ ಗುಂಡಿ ಹಾಕಲು ಆಗಲಿಲ್ಲ.

ಉಜ್ಜಬೇಡಿ. ಕೈ ಒಣಗಲು ಬಿಟ್ಟು ಸೆಲ್ಲೋಟೇಪ್ ಅಂಟಿಸಿ ಕಿತ್ತು ತೆಗೆಯಿರಿ. ಪ್ರತಿ ಸಲ ಹೊಸ ಟೇಪ್. ಆಮೇಲೆ ವಿನೆಗರ್ ಹಚ್ಚಿ, ಉರಿಗೆ ಐಸ್ ಇಡಿ. ಊತ ಏರುತ್ತಾ ಹೋದರೆ ಅಥವಾ ಉಸಿರು ಕಟ್ಟಿದಂತಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ. ಟ್ಯಾಂಕಿಗೆ ಕೈ ಹಾಕುವಾಗ ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ತೆಳ್ಳನೆಯದ್ದು ಸಾಲದು.

ಬಂದದ್ದಾದರೂ ಎಲ್ಲಿಂದ?

ಇನ್ನೊಬ್ಬರ ಟ್ಯಾಂಕಿನ ಕಲ್ಲು, ಒಂದು ಮುಷ್ಟಿ ಮರಳು, ಪಾಚಿಯ ಉಂಡೆ, ಯಾವುದರಲ್ಲಾದರೂ ಬರಬಹುದು. ಹೊಸ ಕಲ್ಲನ್ನು ಬೇರೆ ಬಕೆಟ್ಟಿನಲ್ಲಿ ಪಂಪ್ ಹಾಕಿ ಮೂರು ನಾಲ್ಕು ವಾರ ಇಟ್ಟು, ರಾತ್ರಿ ಟಾರ್ಚ್ ಹಿಡಿದು ನೋಡುತ್ತಿರಿ. ಮುಂಬಯಿಯ ಸೆಖೆಗೆ ಹೀಟರ್ ಖರ್ಚೂ ಇಲ್ಲ. ಕಡಲಿನಿಂದ ಹವಳದ ಕಲ್ಲು ತರುವ ಆಸೆ ಬೇಡ. ನಮ್ಮಲ್ಲಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು.

ಎರಡು ತಿಂಗಳ ಮೇಲೆ ಶೆಟ್ರು ಮತ್ತೆ ಫೋನ್ ಮಾಡಿದರು. ದನಿ ಸಣ್ಣಗಿತ್ತು. "ಒಂದೂ ಕಾಣುವುದಿಲ್ಲ ಮಾರಾಯ್ರೇ. ಎಲ್ಲ ಸತ್ತು ಹೋದವಾ ಎಂತ?" ಕೆಂಪು ಟಾರ್ಚ್ ಹಚ್ಚಿ, ಒಂದು ಕಾಳು ಹಾಕಿ ಕಾಯಿರಿ ಅಂದೆ. ಫೋನ್ ಇಡಲಿಲ್ಲ ಅವರು. ಐದಾರು ನಿಮಿಷ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, "ಮೂರು ಉಂಟು."