ಮೈಸೂರಿನಿಂದ ಮೇಲುಕೋಟೆಗೆ: ಗೆಳೆಯರ ಪಯಣವನ್ನು ಚಿತ್ರಗಳಲ್ಲಿ ಹಿಡಿಯುವ ಬಗೆ

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿಗಳ ಮೂಲಕ ಮೇಲುಕೋಟೆಗೆ ಹೋಗುವ ಸುಮಾರು 50 ಕಿಲೋಮೀಟರ್ ದಾರಿಯಲ್ಲಿ ನದಿ, ನಾಲೆ, ಭತ್ತದ ಗದ್ದೆ, ಕಬ್ಬಿನ ತೋಟ, ಬಂಡೆಗುಡ್ಡ, ಕೆರೆ, ಕಲ್ಯಾಣಿ ಎಲ್ಲವೂ ಸಿಗುತ್ತವೆ. ಆದರೂ ಈ ದಾರಿಯಲ್ಲಿ ಹೋಗಿಬಂದವರ ಫೋನುಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ನಡುಹಗಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತ ಚಿತ್ರಗಳು. ಇದು ಕ್ಯಾಮೆರಾದ ದೋಷವಲ್ಲ, ವೇಳಾಪಟ್ಟಿಯ ದೋಷ. ತಿಂಡಿ ಎಲ್ಲಿ, ಊಟ ಎಲ್ಲಿ ಎಂದು ಮೊದಲೇ ನಿರ್ಧರಿಸುವ ನಾವು, ಯಾವ ಹೊತ್ತಿನಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ಯೋಚಿಸುವುದೇ ಇಲ್ಲ.

ಮೇಲುಕೋಟೆ ಮೈಸೂರಿಗೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿದೆ. ಆದ್ದರಿಂದ ಬೆಳಿಗ್ಗೆ ಹೋಗುವಾಗ ಸೂರ್ಯ ಕಾರಿನ ಬಲಕ್ಕಿರುತ್ತಾನೆ. ಸಂಜೆ ದಕ್ಷಿಣಕ್ಕೆ ಮರಳುವಾಗ ಅವನು ಪಶ್ಚಿಮಕ್ಕೆ ಬಂದಿರುವುದರಿಂದ ಆಗಲೂ ಬಲಕ್ಕೇ ಇರುತ್ತಾನೆ. ದಾರಿ ಅಲ್ಲಲ್ಲಿ ತಿರುಗಿದರೂ ಒಟ್ಟು ಲೆಕ್ಕ ಇದೇ. ಹೀಗಾಗಿ ಎಡಗಡೆಯ ಕಿಟಕಿಯವರಿಗೆ ಎರಡೂ ಹೊತ್ತು ಬೆಳಕು ಬೆನ್ನ ಹಿಂದಿನಿಂದ ಬಂದು, ಗುಡ್ಡಗಳ ಮತ್ತು ಹೊಲಗಳ ಬಣ್ಣ ತುಂಬಿಕೊಂಡು ಕಾಣುತ್ತದೆ. ಬಲಗಡೆ ಹಿಂದಿನ ಸೀಟಿನವರಿಗೆ ಬೆಳಕು ಎದುರಾಗುತ್ತದೆ. ಅದು ಕಷ್ಟದ ಜಾಗ, ಆದರೆ ಭತ್ತದ ಎಳೆಯ ಗರಿಗಳ ಮೂಲಕ, ಚಳಿಗಾಲದಲ್ಲಿ ಕಬ್ಬಿನ ಹೂವಾದ ಸೂಲಂಗಿಯ ಮೂಲಕ ಬೆಳಕು ಹಾಯುವ ಚಿತ್ರ ದೊರೆಯುವುದು ಅಲ್ಲಿಂದ ಮಾತ್ರ. ಗುಂಪಿನಲ್ಲಿ ಕ್ಯಾಮೆರಾ ಚೆನ್ನಾಗಿ ಬಲ್ಲವರನ್ನು ಬಲಕ್ಕೂ ಹೊಸಬರನ್ನು ಎಡಕ್ಕೂ ಕೂರಿಸುವುದು ಒಳ್ಳೆಯದು. ಕಾರು ಓಡಿಸುವವರು ಫೋನನ್ನು ಮುಟ್ಟಲೇಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಚಲಿಸುವ ಕಾರಿನಿಂದ ತೆಗೆಯುವಾಗ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ, ಸೆಕೆಂಡಿನ 1/1000 ಭಾಗ ಅಥವಾ ಅದಕ್ಕಿಂತ ಚುರುಕಾಗಿರಬೇಕು. ಹಾಗಿದ್ದರೂ ರಸ್ತೆಯಂಚಿನ ಬೇಲಿ ಮಸುಕಾಗಬಹುದು. ದೂರದ ಗುಡ್ಡ ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಆದ್ದರಿಂದ ಫೋಕಸನ್ನು ದೂರಕ್ಕೆ ನಿಲ್ಲಿಸಿಕೊಳ್ಳುವುದು ಉತ್ತಮ. ಲೆನ್ಸನ್ನು ಗಾಜಿಗೆ ಹತ್ತಿರ ಹಿಡಿದರೆ ಪ್ರತಿಬಿಂಬ ತಪ್ಪುತ್ತದೆ, ಆದರೆ ಗಾಜಿಗೆ ಒತ್ತಿ ಹಿಡಿದರೆ ಕಾರಿನ ಅದುರಾಟ ಚಿತ್ರಕ್ಕೆ ಇಳಿಯುತ್ತದೆ. ವೇಗವನ್ನೇ ತೋರಿಸಬೇಕಿದ್ದರೆ ಕಾರು ನಿಲ್ಲಿಸಿ, ರಸ್ತೆಯಿಂದ ದೂರ ನಿಂತು, ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರನ್ನು 1/30 ಸೆಕೆಂಡಿನಲ್ಲಿ ಅದರ ಜೊತೆಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯಬೇಕು. ಹತ್ತು ಪ್ರಯತ್ನಗಳಲ್ಲಿ ಒಂದು ಕೂಡಿಬಂದರೆ ಸಾಕು.

ಬೆಂಗಳೂರು ಹೆದ್ದಾರಿಯಲ್ಲಿ ಚಿತ್ರಕ್ಕಾಗಿ ನಿಲ್ಲುವುದು ಅಪಾಯ. ಶ್ರೀರಂಗಪಟ್ಟಣದೊಳಗೆ ಹೋಗಿ, 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಪೂರ್ಣಗೊಂಡ ವೆಲ್ಲೆಸ್ಲಿ ಸೇತುವೆಯ ಬಳಿ ಮೊದಲ ನಿಲುಗಡೆ ಮಾಡಬಹುದು. ಎಳೆಬಿಸಿಲಿನಲ್ಲಿ ಅದರ ಕಲ್ಲುಕಂಬಗಳ ನೆರಳು ಉದ್ದವಾಗಿ ಬೀಳುತ್ತದೆ. ಎಂಟು ಗಂಟೆಯೊಳಗೆ ಇಲ್ಲಿಂದ ಹೊರಟರೆ ಪಾಂಡವಪುರದ ಬಳಿಯ ತೊಣ್ಣೂರು ಕೆರೆಗೆ ಬಿಸಿಲೇರುವ ಮುನ್ನ ತಲುಪಬಹುದು. ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಆ ಕೆರೆಯ ನೀರು ತಿಳಿಯಾದುದು, ಆದರೆ ಮೇಲ್ಮೈಯ ಹೊಳಪು ಆ ತಿಳಿಯನ್ನು ಮುಚ್ಚಿಬಿಡುತ್ತದೆ. ಪೋಲರೈಜರ್ ಫಿಲ್ಟರ್ ಇದ್ದರೆ ಅದನ್ನು ನಿಧಾನವಾಗಿ ತಿರುಗಿಸುತ್ತ, ಹೊಳಪು ಕರಗಿ ತಳದ ಕಲ್ಲುಗಳು ಕಾಣುವ ಹಂತದಲ್ಲಿ ನಿಲ್ಲಿಸಬೇಕು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಇದರ ಪರಿಣಾಮ ಹೆಚ್ಚು. ಫಿಲ್ಟರ್ ಇಲ್ಲದವರು ಪೋಲರೈಸ್ಡ್ ತಂಪುಕನ್ನಡಕವನ್ನು ಫೋನಿನ ಲೆನ್ಸಿಗೆ ಅಡ್ಡ ಹಿಡಿದರೂ ನಡೆಯುತ್ತದೆ. ಚಿತ್ರದ ಆಸೆಗೆ ಯಾರನ್ನೂ ನೀರಿಗೆ ಇಳಿಸಬಾರದು.

ಗೆಳೆಯರ ಚಿತ್ರಗಳ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ ಒಂದಿದ್ದರೆ ಸಾಕು. ಉಳಿದವುಗಳಲ್ಲಿ ಅವರು ಏನಾದರೊಂದು ಕೆಲಸದಲ್ಲಿ ತೊಡಗಿರಲಿ. ದಾರಿಯ ಬಗ್ಗೆ ವಾದಿಸುವುದು, ಕಬ್ಬು ಸಿಗಿಯುವುದು, ಚಹಾದ ಲೋಟವನ್ನು ಕೈಯಿಂದ ಕೈಗೆ ದಾಟಿಸುವುದು, ಹಿಂದೆ ಉಳಿದವನನ್ನು ಕೂಗಿ ಕರೆಯುವುದು ಇವೆಲ್ಲ ಪ್ರವಾಸವನ್ನು ನೆನಪಿಗೆ ತರುತ್ತವೆ. ವಿಶಾಲ ಕೋನದ ಲೆನ್ಸಿನಲ್ಲಿ ಗುಂಪನ್ನು ತೆಗೆದರೆ ಅಂಚಿನಲ್ಲಿರುವವರ ಮುಖ ಹಿಗ್ಗುವುದರಿಂದ, ನಾಲ್ಕು ಹೆಜ್ಜೆ ಹಿಂದೆ ಸರಿದು ಫೋನಿನ ಮುಖ್ಯ ಲೆನ್ಸಿನಲ್ಲಿಯೇ ತೆಗೆಯಬೇಕು. ಸದಾ ಚಿತ್ರ ತೆಗೆಯುವವರು ಯಾವ ಚಿತ್ರದಲ್ಲೂ ಇರುವುದಿಲ್ಲವಾದ್ದರಿಂದ, ನಿಲುಗಡೆಗೊಬ್ಬರಂತೆ ಕ್ಯಾಮೆರಾ ಕೈ ಬದಲಾಗಬೇಕು.

ನಡುಹಗಲನ್ನು ಮೇಲುಕೋಟೆಗೆ ಮೀಸಲಿಡಬೇಕು ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಕಲ್ಯಾಣಿಯ ಸುತ್ತಲಿನ ಕಂಬದ ಮಂಟಪಗಳೇ ಇದಕ್ಕೆ ಕಾರಣ. ಹೊರಗಿನ ಮೆಟ್ಟಿಲುಗಳ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಮಂಟಪದ ನೆರಳಿನೊಳಗೆ ಮೃದುವಾಗಿ ಹರಡುತ್ತದೆ. ಮುಖಚಿತ್ರಗಳಿಗೆ ಸುಡುಬಿಸಿಲಿನ ಹೊತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಬೆಳಕು ಸಿಗದು. ನೀರಿಗಿಳಿದು ಸ್ನಾನ ಮಾಡುವವರತ್ತ ಮಾತ್ರ ಕ್ಯಾಮೆರಾ ತಿರುಗಿಸಬಾರದು, ದೇವಾಲಯಗಳ ಒಳಗೆ ಅದನ್ನು ಚೀಲದಲ್ಲಿಯೇ ಇಡಬೇಕು. ಅಪೂರ್ಣವಾಗಿ ಉಳಿದ ರಾಯಗೋಪುರದ ಎತ್ತರವನ್ನು ತೋರಿಸಲು ಕಂಬಗಳ ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ ದೂರದಿಂದ ತೆಗೆದರೆ ಸಾಕು. ಪುಳಿಯೋಗರೆಯ ಬಳಿಕ ಯೋಗನರಸಿಂಹನ ಬೆಟ್ಟ ಹತ್ತಿ, ಕಲ್ಯಾಣಿಯನ್ನು ಮೇಲಿನಿಂದ ಒಮ್ಮೆ ಸೆರೆಹಿಡಿಯಬಹುದು.

ಸೂರ್ಯಾಸ್ತಕ್ಕಾಗಿ ಬೆಟ್ಟದ ಮೇಲೆಯೇ ಉಳಿದರೆ ಮರಳುವ ದಾರಿ ಕತ್ತಲಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ನನ್ನ ಮತ ದಾರಿಯ ಕಡೆಗೆ. ನಾಲ್ಕರ ಸುಮಾರಿಗೆ ಕೆಳಗಿಳಿದರೆ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳ ಮೇಲೆ ಓರೆ ಬೆಳಕು ಬೀಳುವ ಹೊತ್ತಿಗೆ ಪಾಂಡವಪುರದ ಬಯಲಿನಲ್ಲಿರುತ್ತೀರಿ. ದಾರಿಯಲ್ಲಿ ಆಲೆಮನೆಯೊಂದು ಕೆಲಸದಲ್ಲಿದ್ದರೆ, ಮಾಲೀಕರನ್ನು ಕೇಳಿಕೊಂಡು ಒಳಗೆ ಹೋಗಿ, ಕೊಪ್ಪರಿಗೆಯಿಂದ ಏಳುವ ಹಬೆಯನ್ನು ಬೆಳಕು ಬರುವ ದಿಕ್ಕಿಗೆ ಮುಖ ಮಾಡಿ ತೆಗೆಯಬೇಕು. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ಒಂದು ಹಂತ ತಗ್ಗಿಸಿದರೆ ಹಿನ್ನೆಲೆ ಕಪ್ಪಾಗಿ ಹಬೆ ಎದ್ದು ಕಾಣುತ್ತದೆ. ಕೆಲಸಗಾರರ ಕೈಗೆ ಅಡ್ಡ ಬರಬಾರದು. ಕುದಿಯುವ ಪಾಕದ ಹತ್ತಿರ ಸೆಲ್ಫಿಯಂತೂ ಬೇಡವೇ ಬೇಡ.

ಹೊರಡುವ ಮುನ್ನವೇ ಎಲ್ಲ ಕ್ಯಾಮೆರಾಗಳ ಗಡಿಯಾರವನ್ನು ಫೋನಿನ ಸಮಯಕ್ಕೆ ಹೊಂದಿಸಿಟ್ಟರೆ, ಹಲವರು ತೆಗೆದ ಚಿತ್ರಗಳನ್ನು ಒಂದೆಡೆ ಹಾಕಿದಾಗ ಅವು ತಾವಾಗಿಯೇ ದಾರಿಯ ಕ್ರಮದಲ್ಲಿ ಜೋಡಣೆಗೊಳ್ಳುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರಗಳು ಕುಗ್ಗಿಹೋಗುವುದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು, ಅಥವಾ ಎಲ್ಲರೂ ಸೇರಿಸಬಹುದಾದ ಒಂದು ಡ್ರೈವ್ ಫೋಲ್ಡರ್ ತೆರೆಯಬೇಕು. ಎರಡು ಕಡೆ ಪ್ರತಿ ಉಳಿಸಿದ ಮೇಲಷ್ಟೇ ಫೋನಿನಿಂದ ಅಳಿಸತಕ್ಕದ್ದು.