60 ಯೂನಿಟ್ ಇದ್ದರೆ ಸಾಲದು, ಮೇಜರ್ ಪಾಠಗಳೂ ಮುಗಿದಿರಬೇಕು

ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದ ನಮ್ಮವರು ಮಕ್ಕಳನ್ನು ಕಮ್ಯೂನಿಟಿ ಕಾಲೇಜಿಗೆ (ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಓದುವ ಕಾಲೇಜು) ಸೇರಿಸಿದ ಮೇಲೆ ನನ್ನನ್ನು ಕೇಳುವುದು ಒಂದೇ ಮಾತು: "60 ಸೆಮಿಸ್ಟರ್ ಯೂನಿಟ್ ಆದರೆ ಯೂಸಿಗೆ ಹೋಗಬಹುದು, ಅಲ್ವಾ?" ಹೋಗಬಹುದು. ಯೂಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಯೂನಿಟ್ ಅಂದರೆ ಒಂದೊಂದು ಪಾಠಕ್ಕೆ (ಕೋರ್ಸ್‌ಗೆ) ಸಿಗುವ ಕ್ರೆಡಿಟ್. ಆದರೆ ಯಾವ 60 ಅನ್ನುವುದು ಮುಖ್ಯ. ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ ಬೇಕಾದ ಪಾಠಗಳು ಅದರಲ್ಲಿ ಇರಬೇಕು. ನಮ್ಮ ಮನೆಯಲ್ಲಿ ಇದು ಗೊತ್ತಾಗುವಾಗ ಒಂದು ವರ್ಷ ಕಳೆದಿತ್ತು.

ನನ್ನ ಮಗ ಓದಿದ್ದು ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಟರ್ಮ್: ಫಾಲ್, ವಿಂಟರ್, ಸ್ಪ್ರಿಂಗ್. ಮೊದಲ ವರ್ಷ ಹಿಸ್ಟರಿ, ಸೈಕಾಲಜಿ ಎಲ್ಲ ಮುಗಿಸಿದ. "ಜನರಲ್ ಎಜುಕೇಶನ್ (ಯಾವ ಮೇಜರ್ ಆದರೂ ಓದಬೇಕಾದ ಸಾಮಾನ್ಯ ಪಾಠಗಳು) ಮೊದಲು ಮುಗಿಸಿಬಿಡು" ಅಂತ ಅಲ್ಲಿನ ಕೌನ್ಸೆಲರ್ ಹೇಳಿದ್ದರು. ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ಅರ್ಜಿ ತುಂಬಲು ಇಬ್ಬರೂ ಊಟದ ಟೇಬಲ್ ಮುಂದೆ ಕೂತೆವು. ಅವನಿಗೆ ಬೇಕಿದ್ದದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆಗಿನ್ನೂ ಮೊದಲ ಕ್ಯಾಲ್ಕುಲಸ್ ನಡೆಯುತ್ತಿತ್ತು. ಆ ಮೇಜರ್‌ಗೆ ಏನೇನು ಬೇಕು ಅಂತ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದು ನೋಡಿದೆವು. ಕ್ಯಾಲ್ಕುಲಸ್ ನಾಲ್ಕು ಕ್ವಾರ್ಟರ್. ಮೊದಲ ಕ್ಯಾಲ್ಕುಲಸ್ ಮುಗಿಯದೆ ಫಿಸಿಕ್ಸ್ ಸಿಗುವುದಿಲ್ಲ, ಅದು ಮತ್ತೆ ಮೂರು. ಇದರ ಜೊತೆ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್. ಸ್ಪ್ರಿಂಗ್ ಮುಗಿಯುವುದರೊಳಗೆ ಸಿಗುತ್ತಿದ್ದದ್ದು ಮೂರೇ ಕ್ವಾರ್ಟರ್. ಅವನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟ. ಇನ್ನೊಂದು ವರ್ಷ ಅಲ್ಲೇ ಓದಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಮೊದಲ ಕ್ವಾರ್ಟರ್‌ನಲ್ಲೇ ಗಣಿತ ಶುರು ಮಾಡಿ. ಜನರಲ್ ಎಜುಕೇಶನ್ ಪಾಠಗಳಲ್ಲಿ ಬಹುಪಾಲನ್ನು ಯಾವ ಟರ್ಮ್‌ನಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು. ಗಣಿತ, ಫಿಸಿಕ್ಸ್ ಹಾಗಲ್ಲ. ಒಂದು ಮುಗಿದ ಮೇಲೇ ಇನ್ನೊಂದು.

ಏನೇನು ಬೇಕು ಅಂತ ತಿಳಿಯಲು ಅಸಿಸ್ಟ್ ಡಾಟ್ ಆರ್ಗ್ ನೋಡಿ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಆರಿಸಿದರೆ ಎಡಗಡೆ ಯೂನಿವರ್ಸಿಟಿಯ ಪಾಠ, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಪಾಠ ಬರುತ್ತದೆ. ಯೂಸಿಯ ಬರ್ಕ್ಲಿ ಕ್ಯಾಂಪಸ್‌ಗೂ ಡೇವಿಸ್ ಕ್ಯಾಂಪಸ್‌ಗೂ ಪಟ್ಟಿ ಬೇರೆ ಬೇರೆ ಇರುತ್ತದೆ, ಎರಡನ್ನೂ ನೋಡಿ. ಕಡ್ಡಾಯ ಯಾವುದು, ಮುಗಿಸಿದ್ದರೆ ಒಳ್ಳೆಯದು ಅನ್ನುವುದು ಯಾವುದು, ಗುರುತು ಹಾಕಿಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ಪಕ್ಕದ ಕಾಲೇಜು ನೋಡಿ. ಬೇ ಏರಿಯಾದಲ್ಲಿ ಡಿ ಆನ್ಜಾ, ಫುಟ್‌ಹಿಲ್, ಮಿಷನ್, ಒಲೋನಿ ಎಲ್ಲ ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇವೆ.

ಅರ್ಜಿ ಹಾಕುವ ಹೊತ್ತಿಗೆ ಎಲ್ಲ ಮುಗಿದಿರಬೇಕಿಲ್ಲ, ಹೆದರಬೇಡಿ. ಯೂಸಿಯ ಅರ್ಜಿ ಸಲ್ಲಿಸುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಈಗ ಓದುತ್ತಿರುವುದು, ವಿಂಟರ್, ಸ್ಪ್ರಿಂಗ್‌ನಲ್ಲಿ ಓದಲಿರುವುದು ಎಲ್ಲ ಬರೆಯಬಹುದು. ಜನವರಿಯಲ್ಲಿ ಹೊಸ ಗ್ರೇಡುಗಳನ್ನು ತಿಳಿಸಬೇಕು. ಆದರೆ ಕಡ್ಡಾಯ ಪಾಠವನ್ನು ಸೇರುವ ಮುಂಚಿನ ಬೇಸಿಗೆಗೆ ಉಳಿಸಿಕೊಂಡರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಸ್ಪ್ರಿಂಗ್‌ನಲ್ಲಿ ಪಾಠ ಬಿಟ್ಟರೆ ಕೂಡಲೇ ಕ್ಯಾಂಪಸ್‌ಗೆ ತಿಳಿಸಿ. ಮುಚ್ಚಿಟ್ಟರೆ ಸಿಕ್ಕ ಅಡ್ಮಿಷನ್ನೇ ಹೋಗಬಹುದು.

ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅಂತ ಒಂದಿದೆ, ಸೀಟಿನ ಭರವಸೆ. ಯೂಸಿಯ ಆರು ಕ್ಯಾಂಪಸ್‌ಗಳು ಕೊಡುತ್ತವೆ, ಒಂದಕ್ಕೆ ಮಾತ್ರ ಕೇಳಬಹುದು, ಅದೂ ಸೆಪ್ಟೆಂಬರ್‌ನಲ್ಲೇ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಉಳಿದ ಕಡೆಯೂ ಕೆಲವು ಮೇಜರ್‌ಗಳಿಗೆ ಇಲ್ಲ.

ಎಷ್ಟೋ ಕಲಾ ವಿಷಯಗಳಲ್ಲಿ ಒಂದೆರಡು ಪಾಠ ಬಾಕಿ ಇದ್ದರೂ ನಡೆಯುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ನಲ್ಲಿ ಕಷ್ಟ. ಬಾಕಿ ಇಟ್ಟುಕೊಂಡೇ ಹೋದರೂ ಅವು ಮುಗಿಯುವ ತನಕ ಮೇಲಿನ ಪಾಠ ಸಿಗುವುದಿಲ್ಲ, ಎರಡು ವರ್ಷದ ಓದು ಮೂರಾಗಬಹುದು. ಇಲ್ಲಿನ ನಿವಾಸಿಗಳಿಗೆ ಕಮ್ಯೂನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಅದೇ ಪಾಠಕ್ಕೆ ಅಲ್ಲಿ ಹೋಗಿ ಯೂನಿವರ್ಸಿಟಿ ಫೀಸು ಯಾಕೆ ಕಟ್ಟಬೇಕು? ನನ್ನ ಕೇಳಿದರೆ ಇನ್ನೊಂದು ವರ್ಷ ಇದ್ದು ಮುಗಿಸಿಕೊಂಡು ಹೋಗುವುದೇ ಮೇಲು.

ಎಫ್-1 (ವಿದ್ಯಾರ್ಥಿ) ವೀಸಾದವರು ಗಮನಿಸಿ: ಟರ್ಮ್‌ಗೆ ಬೇಕಾದ 12 ಯೂನಿಟ್‌ನಲ್ಲಿ ಒಂದೇ ಆನ್‌ಲೈನ್ ಕ್ಲಾಸು ಲೆಕ್ಕಕ್ಕೆ ಬರುತ್ತದೆ. ವಿಟಿಯುನಲ್ಲಿ ಒಂದು ವರ್ಷ ಓದಿ ಬಂದವರು ಅದನ್ನು ಅರ್ಜಿಯಲ್ಲಿ ಬರೆಯಲೇಬೇಕು, ಮಾರ್ಕ್ಸ್ ಕಡಿಮೆ ಇದ್ದರೂ. ಪಿಯುಸಿಯಲ್ಲಿ ಕ್ಯಾಲ್ಕುಲಸ್ ಓದಿದ್ದರೆ ಆ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡೇ ಕೌನ್ಸೆಲರ್ ಹತ್ತಿರ ಹೋಗಿ. ಕಾಲೇಜು ಕ್ರೆಡಿಟ್ ಸಿಗುವುದಿಲ್ಲ, ಆದರೆ ನೇರ ಮೊದಲ ಕ್ಯಾಲ್ಕುಲಸ್‌ಗೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳಿ. ಸೇರಿಸಿಕೊಂಡರೆ ಒಂದೆರಡು ಕ್ವಾರ್ಟರ್ ಉಳಿಯುತ್ತದೆ.